ತುಟಿ ಆಡಿಸಿದರೆ ಸಾಕು

ಜುಲೈ 4

ಗಂಟೆ,

ಆಪರೇಷನ್ ಆಯಿತು. ಗಂಟಲೊಳಗೆ ಮೆಣಸಿನ ಕಾಳಿನಷ್ಟು ಏನೋ ಬೆಳೆದಿತ್ತಂತೆ, ತೆಗೆದರು. ಇಷ್ಟು ವರ್ಷ ಮಕ್ಕಳ ಗದ್ದಲದ ಮೇಲೆ ದನಿ ಏರಿಸಿ ಹಾಡಿದ್ದಕ್ಕೆ ಸಿಕ್ಕ ಬಹುಮಾನ. "ಮಾತಾಡ್ಬೇಡಿ. ಪಿಸುಗುಟ್ಟಲೂ ಬೇಡಿ. ಕೆಮ್ಮು ಬಂದ್ರೂ ಯೋಚ್ನೆ ಮಾಡಿ ಕೆಮ್ಮಿ" ಎಂದಿದ್ದಾರೆ ಡಾಕ್ಟರು. ಈಗ ಅಕ್ಕನ ಮನೆಯಲ್ಲಿದ್ದೇನೆ. ಭಾವನಿಗಂತೂ ಹಬ್ಬ. "ಅಕ್ಕತಂಗಿಯರಲ್ಲಿ ಒಬ್ಬಳಾದ್ರೂ ಬಾಯಿ ಮುಚ್ಚಿದ್ದು ಇದೇ ಮೊದಲು" ಎಂದು ಬಂದವರಿಗೆಲ್ಲ ಹೇಳುತ್ತಾರೆ. ತಿರುಗಿ ಅನ್ನಲಾಗದೆ ದಿಂಬು ಎಸೆಯುತ್ತೇನೆ.

ಮೆಸೇಜು ಕಳಿಸಿದರೆ ನೀನು ತಕ್ಷಣ ಫೋನ್ ಮಾಡುತ್ತೀಯ, ನಾನು ತಡೆಯಲಾರದೆ "ಏನೇ" ಎಂದುಬಿಡುತ್ತೇನೆ. ಅದಕ್ಕೇ ಈ ಕಾಗದ. ನೀನೂ ಕಾಗದವನ್ನೇ ಬರಿ.

ನಾನು ಮರಳುವ ತನಕ ನನ್ನ ಮಕ್ಕಳಿಗೆ ಸಂಗೀತ ಹೇಳಿಕೊಡಲು ಒಪ್ಪಿದೆಯಲ್ಲ, ಅದನ್ನು ಹೇಗೆ ತೀರಿಸಲಿ ಗೊತ್ತಿಲ್ಲ. ನೀನು ಆರಿಸಿದ ಗಾಯಕರ ತಂಡ ಕಟ್ಟಿ ವೇದಿಕೆ ಗೆಲ್ಲಿಸುವವಳು. ನನ್ನದು ಬರೀ ಶಾಲೆಯ ಪಿರಿಯಡ್ಡು. ಹಾಡಲು ಬರುವವರು, ಬಾರದವರು, ಪೆನ್ಸಿಲ್ ಕಚ್ಚುವವರು, ಎಲ್ಲರೂ ಬಂದು ಕೂರುತ್ತಾರೆ. ಯಾರನ್ನೂ ಆರಿಸುವಂತಿಲ್ಲ. ಅದೇ ಅದರ ಚೆಂದ.

ಕೆಲವು ವಿಷಯ ಹೇಳಬೇಕು. ಮಹಡಿಯ ಕೊನೆಯ ಕೋಣೆ ನಮ್ಮದು, ವಿಜ್ಞಾನದ ಸಾಮಾನು ಇಡುವ ಕೋಣೆಯ ಪಕ್ಕ. ಸ್ಪಿರಿಟ್ ವಾಸನೆ ಎರಡು ದಿನಕ್ಕೆ ಒಗ್ಗುತ್ತದೆ. ಕೀಬೋರ್ಡಿನಲ್ಲಿ ನಡುವಿನ ಒಂದು ಕೀ ಸತ್ತಿದೆ. ಅದನ್ನು ರಿಪೇರಿ ಮಾಡಿಸಬೇಡ. ಹಾಡು ಅಲ್ಲಿಗೆ ಬಂದಾಗ ಆ ಸ್ವರವನ್ನು ಮಕ್ಕಳೇ ಹಾಡಿ ತುಂಬುತ್ತಾರೆ, ಅವರಿಗೆ ಅದೊಂದು ಜಂಬ.

ಹಾಜರಿ ಕೂಗಿ ತೆಗೆಯುವ ರೂಢಿ ನಮ್ಮಲ್ಲಿಲ್ಲ. ನಾನು "ಬಕೆಟ್ಟಿನೊಳಗೆ ಬಿತ್ತು ಹನಿ, ಟಪ್ ಅಂತು, ಯಾರದು ದನಿ?" ಎಂದು ಹಾಡುತ್ತೇನೆ. ಒಬ್ಬೊಬ್ಬರಾಗಿ "ನಂದು ದನಿ" ಎಂದು ಹಾಡಿ ಉತ್ತರ ಕೊಡುತ್ತಾರೆ. ಯಾವ ಸುರದಲ್ಲಾದರೂ ಸರಿ.

ಮುಂದಿನ ಬೆಂಚಿನ ತುದಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಎಲ್ಲರೂ ದುಂಬಿ ಅನ್ನುತ್ತಾರೆ, ಅವಳಿಗೂ ಆ ಹೆಸರು ಇಷ್ಟ. ಅವಳ ಹತ್ತಿರ ಇರುವುದು ಒಂದೇ ಸುರ, ಗುಂಯ್ ಎಂದು ಕೆಳಗೆಲ್ಲೋ. ಹಾಡು ಎಲ್ಲಿಗೆ ಹೋದರೂ ಅವಳು ಅಲ್ಲೇ. ಅವಳನ್ನು ನಮ್ಮ ಸುರಕ್ಕೆ ಎಳೆಯಬೇಡ. ಅವಳದು ಎಲ್ಲಿದೆಯೋ ಅಲ್ಲಿಂದಲೇ ಹಾಡು ಶುರು ಮಾಡು, ಇಡೀ ಕ್ಲಾಸು ಅವಳ ಹತ್ತಿರ ಹೋಗಲಿ. ಆಮೇಲೆ ಒಂದು ಮೆಟ್ಟಿಲು ಮೇಲೆ ಹತ್ತು, ಅವಳು ಬರುತ್ತಾಳಾ ನೋಡು. ಕಳೆದ ತಿಂಗಳು ಒಂದು ಸಲ ಬಂದಿದ್ದಳು. ಹಾಡ್ತಾ ಹಾಡ್ತಾ ರಾಗ ಅನ್ನುವುದು ಸುಮ್ಮನೆ ಅಲ್ಲ.

ಉಳಿದದ್ದು ನಿನಗೆ ಹೇಳಬೇಕಾಗಿಲ್ಲ. ಯಾವ ಮಗುವಿಗೂ "ನೀನು ಹಾಡಬೇಡ" ಅನ್ನುವುದಿಲ್ಲ ಎಂದು ನಾವಿಬ್ಬರೂ ಮಾತು ಕೊಟ್ಟುಕೊಂಡವರು.

ನಿನ್ನ ಮೂಕ
ಕಪ್ಪೆ


ಜುಲೈ 21

ಲೇ ಕಪ್ಪೆ,

ನಿನ್ನ ಮಕ್ಕಳು ನನ್ನನ್ನು ಹುರಿದು ಮುಕ್ಕಿದರು. ಮೊದಲ ದಿನವೇ ಹಾಜರಿ ಪುಸ್ತಕ ತೆರೆದು ಹೆಸರು ಕೂಗಿದೆ. ಒಬ್ಬರೂ ಉಸಿರೆತ್ತಲಿಲ್ಲ. ಹಿಂದಿನಿಂದ ಒಬ್ಬ, "ಟೀಚರ್, ಹಾಡ್ದೆ ಇದ್ರೆ ನಾವು ಬಂದಿದೀವಿ ಅಂತ ನಿಮಗೆ ಹೆಂಗ್ ಗೊತ್ತಾಗತ್ತೆ?" ಎಂದ. "ಕಣ್ಣಿದೆಯಲ್ಲಪ್ಪ" ಎಂದೆ. "ಆ ಟೀಚರ್‌ಗೂ ಕಣ್ಣಿದೆ, ಆದ್ರೂ ಕಿವೀಲೇ ನೋಡ್ತಾರೆ" ಎಂದ. ಸೋತು ಹಾಡಿದೆ. ಯಾರದು ದನಿ, ನಂದು ದನಿ, ಅರ್ಧ ಪಿರಿಯಡ್ಡು ಮುಗಿಯಿತು. ಎತ್ತು ಏರಿಗೆ ಕೋಣ ನೀರಿಗೆ ಅಂತಾರಲ್ಲ, ಅಂಥ ಇಪ್ಪತ್ತು ಜೊತೆ ಇದೆ ಆ ಕೋಣೆಯಲ್ಲಿ. ಹೇಗೆ ತಡೆದುಕೊಳ್ಳುತ್ತೀಯೇ?

ಆದರೂ ಸುಳ್ಳು ಹೇಳಲಾರೆ, ಮೂರನೇ ಸಲ ಕ್ಲಾಸಿಗೆ ಹೋಗುವಷ್ಟರಲ್ಲಿ ನನಗೂ ರುಚಿ ಹತ್ತಿತು. ನೀರು ತುಂಬಿದ ಬಾಟಲಿಗಳ ಆಟ ಆಡಿಸಿದೆ. ಅವಳಿಜವಳಿ ಹುಡುಗರಲ್ಲಿ ಒಬ್ಬ ಬಾಟಲಿಯ ನೀರು ಕುಡಿದುಬಿಟ್ಟ, ಸ್ವರ ಬದಲಾಯಿತು ಎಂದು ಇನ್ನೊಬ್ಬ ಅವನನ್ನು ಹೊಡೆದ.

ನಿನ್ನ ದುಂಬಿ ದುಂಬಿಯೇ. ಮೇಲಿಂದ ಕೆಳಗೆ ಒಂದೇ ಗುಂಯ್. ನೀನು ಹೇಳಿದಂತೆ ಅವಳ ಸುರದಿಂದ ಶುರು ಮಾಡಿದೆ. ನನ್ನ ಗಂಟಲು ಪಾತಾಳ ಕಂಡಿತು. ಅವಳು ಮಾತ್ರ ನನ್ನನ್ನೇ ನೋಡಿ ನಕ್ಕು, "ಈಗ ಸರಿಯಾಗ್ ಬಂತು ಟೀಚರ್" ಎಂದು ನನಗೇ ಶಹಭಾಸ್ ಕೊಟ್ಟಳು!

ಹೆಡ್ ಮೇಡಂ ಬಾಗಿಲಲ್ಲಿ ನಿಂತು ನೋಡಿ ಹೋದರು. ನೀನು ತಲೆ ಕೆಡಿಸಿಕೊಳ್ಳಬೇಡ, ಗಂಟಲು ನೋಡಿಕೋ.

ನಿನ್ನ
ಗಂಟೆ


ಆಗಸ್ಟ್ 10

ಗಂಟೆ,

ನಿನ್ನ ಕಾಗದ ಓದಿ ನಗು ತಡೆಯಲಾಗದೆ ಸೆರಗು ಕಚ್ಚಿಕೊಂಡೆ. ನಗುವುದಕ್ಕೂ ಅನುಮತಿ ಇಲ್ಲ ನನಗೆ. ಅಕ್ಕ ಕಿತ್ತುಕೊಂಡು ಓದಿ ನನ್ನ ಪಾಲಿನದನ್ನೂ ಅವಳೇ ನಕ್ಕಳು.

ಸುಮ್ಮನಿದ್ದರೆ ಹಳೆಯದೆಲ್ಲ ಬಂದು ಕೂರುತ್ತದೆ. ನಾವು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ವಾರ್ಷಿಕೋತ್ಸವದ ದಿನ, ಪರದೆಯ ಹಿಂದೆ ಸಂಗೀತದ ಮೇಷ್ಟ್ರು ನನ್ನ ಗಲ್ಲ ಹಿಡಿದು ಹೇಳಿದ್ದು ಇವತ್ತು ಹೇಳಿದಷ್ಟು ಸ್ಪಷ್ಟವಾಗಿದೆ. "ನಿಂದು ಕಪ್ಪೆ ದನಿ. ನೀನು ಬರೀ ತುಟಿ ಆಡಿಸು, ಸಾಕು." ಅವರು ಬೈಯಲಿಲ್ಲ. ನಗುತ್ತಲೇ ಹೇಳಿದರು, ಹೊಸ ಲಂಗ ಚೆನ್ನಾಗಿದೆ ಅನ್ನುವ ಹಾಗೆ. ನಾನು ತುಟಿ ಬಿಗಿದುಕೊಂಡು ವೇದಿಕೆ ಹತ್ತಿದೆ. ಆಗ ಪಕ್ಕದಲ್ಲಿ ನಿಂತಿದ್ದ ನೀನು ನನ್ನ ಕೈ ಚಿವುಟಿ, "ಹಾಡೇ ಕಪ್ಪೆ. ನಾನು ಜೋರಾಗಿ ಹಾಡ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದೆ. ಗಂಟೆ ಹೊಡೆದ ಹಾಗೆ ಹಾಡಿದೆ ನೀನು. ಅದರ ಅಡಿಯಲ್ಲಿ ನಾನೂ ಹಾಡಿದೆ.

ನೀನು ಅಂದು ಚಿವುಟದೆ ಇದ್ದಿದ್ದರೆ ನಾನು ಈ ಕೆಲಸಕ್ಕೆ ಬರುತ್ತಲೇ ಇರಲಿಲ್ಲ. ಇದನ್ನು ನಿನಗೆ ಬಾಯಿಬಿಟ್ಟು ಯಾವತ್ತೂ ಹೇಳಿಲ್ಲ. ಬಾಯಿ ಮುಚ್ಚಿಸಿದ ಮೇಲೆ ಹೇಳುತ್ತಿದ್ದೇನೆ ನೋಡು.

ದುಂಬಿ ಮೇಲೆ ಹತ್ತಿದಳಾ? ಬರಿ.

ನಿನ್ನ
ಕಪ್ಪೆ


ಸೆಪ್ಟೆಂಬರ್ 18

ಕಪ್ಪೆ,

ತಡವಾಯಿತು, ಬೈದುಕೋ. ಇಲ್ಲಿ ಕೈಗೆ ಬಿಡುವಿಲ್ಲ. ಊರಿನ ಶಾಲೆಗಳೆಲ್ಲ ಸೇರುವ ಸಮೂಹಗಾನದ ಸ್ಪರ್ಧೆ ಇದೆ, ಮುಂದಿನ ತಿಂಗಳು. ನಮ್ಮ ಶಾಲೆಯೂ ಹೆಸರು ಕೊಟ್ಟಿದೆ. ಹೆಡ್ ಮೇಡಂ ಅವರ ಆಸೆ. ನಿನ್ನ ಹನಿಯ ಹಾಡನ್ನೇ ಆರಿಸಿದ್ದೇನೆ, ನಡುವೆ ಎರಡು ಸಾಲು ಸೇರಿಸಿ ಸ್ವಲ್ಪ ಬೆಳೆಸಿದ್ದೇನೆ. ಕೇಳಿದರೆ ನಿನಗೇ ಗುರುತು ಸಿಗುವುದಿಲ್ಲ.

ಕೀಬೋರ್ಡು ಕೂಡ ರಿಪೇರಿ ಮಾಡಿಸಿದೆ. ಕೋಪ ಮಾಡಿಕೊಳ್ಳಬೇಡ. ಸ್ಪರ್ಧೆಗೆ ಅಭ್ಯಾಸ ಮಾಡುವಾಗ ಆ ಸತ್ತ ಕೀ ತುಂಬಾ ಕಾಟ ಕೊಟ್ಟಿತು. ಈಗ ಚೆನ್ನಾಗಿ ನುಡಿಯುತ್ತದೆ.

ಮಕ್ಕಳೆಲ್ಲ ಆರಾಮ. ಗಂಟಲು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯ ತಾನೆ?

ಗಂಟೆ


ಸೆಪ್ಟೆಂಬರ್ 29

ಗಂಟೆ,

ಈಗ ನಾಲ್ಕು ಮಾತು ಆಡಬಹುದು ಎಂದಿದ್ದಾರೆ. ಹಾಡುವುದರ ಬಗ್ಗೆ ಕೇಳಿದರೆ ಡಾಕ್ಟರು ಮುಖ ಆಚೆ ತಿರುಗಿಸಿ ಕೈ ತೊಳೆಯುತ್ತಾರೆ.

ಕೀಬೋರ್ಡಿನ ವಿಷಯ ಹೋಗಲಿ ಬಿಡು. ಸ್ಪರ್ಧೆ ಯಾಕೆ ಎಂದು ತಿಳಿಯಲಿಲ್ಲ. ನಮ್ಮ ಪಿರಿಯಡ್ಡಿನಲ್ಲಿ ಗೆಲ್ಲುವವರು ಸೋಲುವವರು ಇರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಆಗದಿದ್ದರೆ ಸರಿ.

ದುಂಬಿಯ ಬಗ್ಗೆ ಕೇಳಿದ್ದೆ. ನೀನು ಒಂದು ಅಕ್ಷರ ಬರೆದಿಲ್ಲ. ಹುಷಾರಿಲ್ಲವಾ ಅವಳಿಗೆ? ಎಲ್ಲ ಮಕ್ಕಳೂ ಹಾಡುತ್ತಿದ್ದಾರೆ ತಾನೆ?

ನಿನ್ನ
ಕಪ್ಪೆ


ಅಕ್ಟೋಬರ್ 24

ಕಪ್ಪೆ! ಕಪ್ಪೆ! ಕಪ್ಪೆ!

ಗೆದ್ದೆವು. ಮೊದಲ ಬಹುಮಾನ. ದೊಡ್ಡ ದೊಡ್ಡ ಶಾಲೆಯವರು ಕೋಟು ಹಾಕಿಸಿಕೊಂಡು ಬಂದಿದ್ದರು, ನಮ್ಮ ಮಕ್ಕಳು ಬಿಳಿ ಅಂಗಿಯಲ್ಲೇ ಹೋಗಿ ಹೊಡೆದು ಬಂದವು. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಡ್ ಮೇಡಂ ನನ್ನನ್ನು ಅಪ್ಪಿಕೊಂಡರು, ಅವರು ಯಾರನ್ನಾದರೂ ಅಪ್ಪಿದ್ದನ್ನು ಕಂಡವರೇ ಇಲ್ಲವಂತೆ.

ಇನ್ನೊಂದು ಮಾತು. ಎಲ್ಲ ಮಕ್ಕಳನ್ನೂ ವೇದಿಕೆ ಹತ್ತಿಸಿದ್ದೇನೆ, ಒಬ್ಬರನ್ನೂ ಬಿಟ್ಟಿಲ್ಲ. ಫೋಟೋ ಇಟ್ಟಿದ್ದೇನೆ, ನೋಡು. ನಿನ್ನ ದುಂಬಿ ಮುಂದಿನ ಸಾಲಿನಲ್ಲೇ ಇದ್ದಾಳೆ, ಬಾಯಿ ನೋಡು ಎಷ್ಟು ಅಗಲ ತೆರೆದಿದ್ದಾಳೆ! ಜೊತೆಗೆ ಪೆನ್ ಡ್ರೈವಿನಲ್ಲಿ ಹಾಡಿದೆ. ಭಾವನಿಗೆ ಹೇಳಿ ದೊಡ್ಡ ಸ್ಪೀಕರಿನಲ್ಲಿ ಹಾಕಿಸಿಕೊಂಡು ಕೇಳು.

ನಿನ್ನ ಹೆಮ್ಮೆಯ
ಗಂಟೆ


ನವೆಂಬರ್ 2

ನನಗೆ ಈಗ ಮಾತಾಡಲು ಬರುತ್ತದೆ. ಫೋನ್ ಮಾಡಬಹುದಿತ್ತು. ನಿನ್ನ ದನಿ ಕೇಳುವುದು ಬೇಡ ಎಂದು ಬರೆಯುತ್ತಿದ್ದೇನೆ.

ಭಾವ ಸ್ಪೀಕರು ಹಾಕಿದರು. ಅಕ್ಕ ಒಲೆ ಆರಿಸಿ ಬಂದು ಕುಳಿತಳು. ಮೊದಲ ಸುರಕ್ಕೇ ನನಗೆ ಏನೋ ಅನಿಸಿತು. ಹಾಡು ಎತ್ತರದಲ್ಲಿ ಶುರುವಾಗಿತ್ತು. ದುಂಬಿ ಇರುವ ಕ್ಲಾಸು ಅಲ್ಲಿಂದ ಶುರು ಮಾಡುವುದಿಲ್ಲ. ಇರಲಿ, ಸ್ಪರ್ಧೆ ಎಂದುಕೊಂಡೆ. ಹಾಡು ಮುಗಿಯಿತು. ಭಾವ, "ಏನ್ ಚೆನ್ನಾಗಿದೆ ಮಾರಾಯ್ತಿ, ಒಂದೇ ಗಂಟಲಲ್ಲಿ ಹಾಡ್ದಂಗಿದೆ" ಎಂದರು. ಅವರು ಹೊಗಳಿದ್ದು ಅದು.

ಇನ್ನೊಂದು ಸಲ ಹಾಕಿ ಎಂದೆ. ಈ ಸಲ ಕಣ್ಣು ಮುಚ್ಚಿ ಒಂದೊಂದೇ ದನಿ ಹುಡುಕಿದೆ. ನಿನಗೆ ಅವರು ಕ್ಲಾಸು, ನನಗೆ ಒಬ್ಬೊಬ್ಬರೂ ಗೊತ್ತು. ಅವಳಿಜವಳಿಯಲ್ಲಿ ಕಿರಿಯವನು ಅರ್ಧ ತಾಳ ಹಿಂದೆ ಬರುತ್ತಾನೆ, ಅವನು ಇರಲಿಲ್ಲ. ಮೂಗಿನಲ್ಲಿ ಹಾಡುವ ಉದ್ದ ಜಡೆಯವಳು ಇರಲಿಲ್ಲ. ಕಿಟಕಿ ಪಕ್ಕದವನು ಉತ್ಸಾಹಕ್ಕೆ ಕಿರುಚಿಬಿಡುತ್ತಾನೆ, ಎಲ್ಲೂ ಕಿರುಚಲಿಲ್ಲ. ತಳದಲ್ಲಿ ಗುಂಯ್ ಇರಲಿಲ್ಲ. ನಾನು ಸ್ಪೀಕರಿಗೆ ಕಿವಿ ಒತ್ತಿ ಹುಡುಕಿದೆ ಕಣೇ. ಅಕ್ಕ ಹೆದರಿಕೊಂಡಳು.

ಆಮೇಲೆ ಫೋಟೋ ತೆಗೆದು ನೋಡಿದೆ. ಎಲ್ಲರೂ ಇದ್ದಾರೆ, ಎಲ್ಲರ ಬಾಯೂ ತೆರೆದಿದೆ. ದುಂಬಿಯ ಬಾಯಿ ಎಲ್ಲರಿಗಿಂತ ಅಗಲ.

ತುಟಿ ಆಡಿಸಲು ಹೇಳಿದೆ ನೀನು ಅವರಿಗೆ.

ಬೇರೆ ಯಾರು ಹೇಳಿದ್ದರೂ ಜಗಳವಾಡಿ ಮರೆಯುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ? ಆ ಪರದೆಯ ಹಿಂದೆ ನನ್ನ ಪಕ್ಕ ನಿಂತವಳು ನೀನು. ಮೇಷ್ಟ್ರು ನನಗೆ ಏನು ಮಾಡಿದರು ಎಂದು ಲೋಕದಲ್ಲಿ ನೋಡಿದವಳು ನೀನೊಬ್ಬಳೇ. ನಾನು ಅಷ್ಟು ಬಿಡಿಸಿ ಬರೆದ ಮೇಲೂ ನೀನು ಇದನ್ನು ಮಾಡಿದೆ. ನನ್ನ ಕಾಗದ ಬಂದಾಗ ಅಭ್ಯಾಸ ಶುರುವಾಗಿತ್ತಾ? ಓದಿ ಮಡಿಚಿಟ್ಟು ಹೋಗಿ ಹೇಳಿದೆಯಾ?

ನನ್ನ ಬಾಯಿ ಮುಚ್ಚಿದ್ದ ಹೊತ್ತಿನಲ್ಲೇ ನನ್ನ ಮಕ್ಕಳ ಬಾಯಿ ಮುಚ್ಚಿಸಿದೆ. ಆಮೇಲೆ ಅದನ್ನು ನನಗೇ ಕಳಿಸಿದೆ, ಕೇಳಿ ಹೆಮ್ಮೆ ಪಡು ಎಂದು. ಇಷ್ಟು ವರ್ಷದ ಗೆಳೆತನದಲ್ಲಿ ನನ್ನ ಕಿವಿಯನ್ನು ನೀನು ಇಷ್ಟೇನಾ ತಿಳಿದಿದ್ದು?

ಕಪ್ಪೆ


ನವೆಂಬರ್ 19

ಕಪ್ಪೆ,

ನೀನು ಬೈದದ್ದನ್ನೆಲ್ಲ ಓದಿದೆ. ಈಗ ನನ್ನದನ್ನೂ ಕೇಳು.

ಆಗಸ್ಟಿನಲ್ಲಿ ಹೆಡ್ ಮೇಡಂ ನನ್ನನ್ನು ಕರೆಸಿ, "ಹನಿ, ಬಕೆಟ್ಟು ಅಂತ ಕೂಗಾಡೋಕೆ ವಾರಕ್ಕೆ ಎರಡು ಪಿರಿಯಡ್ ಯಾಕ್ರೀ? ಗಣಿತದವರು ಕೇಳ್ತಾ ಇದಾರೆ. ಸಂಗೀತ ಇರ್ಬೇಕು ಅಂದ್ರೆ ಏನಾದ್ರೂ ಗೆದ್ದು ತೋರ್ಸಿ" ಎಂದರು. ಸೋತಿದ್ದರೆ ಜನವರಿಯಲ್ಲಿ ನೀನು ಮರಳಿ ಬರಲು ಪಿರಿಯಡ್ಡೂ ಇರುತ್ತಿರಲಿಲ್ಲ, ಕೋಣೆಯೂ ಇರುತ್ತಿರಲಿಲ್ಲ. ಗಂಟಲು ಕುಯ್ಯಿಸಿಕೊಂಡು ಮಲಗಿದವಳಿಗೆ ಇದನ್ನು ಬರೆಯಬೇಕಿತ್ತಾ? ಬರೆಯಲಿಲ್ಲ. ಒಬ್ಬಳೇ ಹೊತ್ತೆ.

ನಾನು ಯಾರ ಗಲ್ಲವನ್ನೂ ಹಿಡಿಯಲಿಲ್ಲ. ಆ ಮಕ್ಕಳನ್ನು ಬೇರೆ ಕೂರಿಸಿ, ಪ್ರೀತಿಯಿಂದಲೇ ಹೇಳಿದೆ. "ನಿಮ್ದು ತುಂಬಾ ಮುಖ್ಯವಾದ ಕೆಲಸ. ನೀವು ತುಟಿ ಆಡಿಸಿದ್ರೆ ಸಾಕು, ನೋಡೋರಿಗೆ ಸಾಲು ಚೆಂದ ಕಾಣ್ಬೇಕು" ಎಂದೆ. ಚಾಕೊಲೇಟು ಕೊಟ್ಟೆ. ಒಬ್ಬರೂ ಅಳಲಿಲ್ಲ. ನಿನ್ನ ದುಂಬಿ ಕೇಳಿದ್ದು ಒಂದೇ. "ಆ ಒಂದಿನ ಮಾತ್ರಾನಾ ಟೀಚರ್?" ಹೂಂ ಎಂದೆ. ಅಭ್ಯಾಸಕ್ಕೂ ಹಾಗೇ ಬೇಕಾಯಿತು, ಅದಕ್ಕೆ ನಾನೇನು ಮಾಡಲಿ?

ಇನ್ನು ಆ ನಾಲ್ಕನೇ ಕ್ಲಾಸಿನ ವೇದಿಕೆ. ನೀನು ಅದನ್ನು ದೇವರ ಕೋಣೆಯಲ್ಲಿಟ್ಟು ಪೂಜೆ ಮಾಡುತ್ತಿದ್ದೀಯ. ಯೋಚನೆ ಮಾಡಿ ನೋಡು. ಅಂದು ನಿನ್ನ ದನಿ ಯಾರಿಗೆ ಕೇಳಿಸಿತು? ನಾನು ಜೋರಾಗಿ ಹಾಡಿದ್ದೇ ಅದು ಕೇಳಬಾರದು ಎಂದು. ಕೆಳಗೆ ಕುಳಿತವರಿಗೆ ನೀನು ಹಾಡಿದ್ದೂ ಒಂದೇ, ತುಟಿ ಆಡಿಸಿದ್ದೂ ಒಂದೇ. ಹಾಗಿದ್ದ ಮೇಲೆ ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನಿನ್ನ ಪಿರಿಯಡ್ಡು ಉಳಿದಿದೆ. ಬಂದು ಪಾಠ ಮಾಡು. ಕೋಪ ಇಳಿದ ಮೇಲೆ ಒಂದು ಸಾಲು ಬರಿ.

ಗಂಟೆ


ಜನವರಿ 16

ಪಿರಿಯಡ್ಡು ಉಳಿದಿದೆ, ನಿಜ. ಕಪ್ಪು ಬಣ್ಣದ ವೇಳಾಪಟ್ಟಿ ಹಲಗೆಯ ಮೇಲೆ ನನ್ನ ವಿಷಯ ಹಾಗೇ ಇದೆ. ನೀನು ಗೆದ್ದ ಕಪ್ ಹೆಡ್ ಮೇಡಂ ಕೋಣೆಯ ಗಾಜಿನ ಬೀರುವಿನಲ್ಲಿದೆ. ನೀನು ನನಗಾಗಿ ಹೊತ್ತದ್ದನ್ನು ಸುಳ್ಳು ಅನ್ನುವುದಿಲ್ಲ. ಮುಂದಿನ ವರ್ಷವೂ ಗೆಲ್ಲಬೇಕು ಎಂದು ಮೇಡಂ ಈಗಲೇ ಹೇಳಿದ್ದಾರೆ.

ವ್ಯತ್ಯಾಸ ಏನು ಎಂದು ನೀನು ಕೇಳಿದ್ದೆ. ಎರಡು ತಿಂಗಳು ಯೋಚಿಸಿದೆ. ಕೆಳಗೆ ಕುಳಿತವರಿಗೆ ನನ್ನ ದನಿ ಕೇಳಿಸಲಿಲ್ಲ, ಒಪ್ಪಿದೆ. ನನಗೆ ಕೇಳಿಸಿತು. ಪಕ್ಕದಲ್ಲಿದ್ದ ನಿನಗೆ ಕೇಳಿಸಿತು. ನನಗೆ ಬೇಕಾದದ್ದು ಅಷ್ಟೇ ಇತ್ತು. ದುಂಬಿಗೆ ನೀನು ಅಷ್ಟನ್ನೂ ಬಿಡಲಿಲ್ಲ.

ನನ್ನ ಗಂಟಲ ವಿಷಯ ನಿನಗೆ ತಿಳಿಸಿಲ್ಲ. ಮಾತು ಬಂದಿದೆ, ಹಾಡು ಬಂದಿಲ್ಲ, ಇನ್ನು ಬರುವುದೂ ಇಲ್ಲವಂತೆ. ಮೇಲಿನ ಸುರಕ್ಕೆ ಹೋದರೆ ಗಾಳಿ ಬರುತ್ತದೆ. ಉಳಿದಿರುವುದು ಕೆಳಗಿನ ಒಂದೆರಡು ಸುರ, ಅದೂ ಬಾಗಿಲ ತಿರುಗಣಿ ಕಿರುಗುಟ್ಟಿದ ಹಾಗೆ. ಮೇಷ್ಟ್ರು ಬದುಕಿದ್ದರೆ ಹೆಸರು ಸರಿಯಾಗಿ ಇಟ್ಟಿದ್ದೆ ಎಂದು ಖುಷಿಪಡುತ್ತಿದ್ದರು.

ಸೋಮವಾರ ಕ್ಲಾಸಿಗೆ ಹೋದೆ. ಮಕ್ಕಳು ಓಡಿಬಂದು ಸೊಂಟಕ್ಕೆ ಜೋತುಬಿದ್ದರು. ಕೀಬೋರ್ಡಿನ ಎಲ್ಲ ಕೀಗಳೂ ನುಡಿಯುತ್ತವೆ, ತುಂಬಿಸಲು ಅವರಿಗೆ ಏನೂ ಉಳಿದಿಲ್ಲ. ನಾಚಿಕೆ ಬಿಟ್ಟು ಇರುವ ದನಿಯಲ್ಲೇ ಹಾಡಿದೆ. ಟಪ್ ಅಂತು, ಯಾರದು ದನಿ?

ಚೆನ್ನಾಗಿ ಹಾಡುವವರು ಉತ್ತರ ಕೊಟ್ಟರು. ಅವಳಿಜವಳಿಯಲ್ಲಿ ಹಿರಿಯವನು ಹಾಡಿದ, ಕಿರಿಯವನು ಬಾಯಿ ಆಡಿಸಿದ. ಉದ್ದ ಜಡೆಯವಳು ಬಾಯಿ ಆಡಿಸಿದಳು. ನಾನು ಕೇಳಿಸಿಕೊಂಡೆ ಎಂದೇ ಅವರು ತಿಳಿದಿದ್ದರು. ದುಂಬಿಯ ಸರದಿ ಬಂತು. ಎದ್ದು ನಿಂತು, ಫೋಟೋದಲ್ಲಿದ್ದಷ್ಟೇ ಅಗಲ ಬಾಯಿ ತೆರೆದು, ಅಂದವಾಗಿ "ನಂದು ದನಿ" ಎಂದು ತುಟಿ ಆಡಿಸಿ ಕುಳಿತಳು. ಒಂದಿಷ್ಟೂ ಸದ್ದಿಲ್ಲ. ಅವಳ ಅಮ್ಮ ಬೇಕರಿಯಲ್ಲಿ ಕೆಲಸ ಮಾಡುವವಳು, ಸಂಜೆ ಗೇಟಿನಲ್ಲಿ ಸಿಕ್ಕು, "ಬಚ್ಚಲಲ್ಲೂ ಹಾಡೋದ್ ಬಿಟ್ಟಿದಾಳೆ ಟೀಚರ್. ದೊಡ್ಡೋಳಾದ್ಲು ಅನ್ಸತ್ತೆ, ಗಂಭೀರ ಆಗಿದಾಳೆ" ಎಂದಳು. ಅವಳಿಗೆ ಅದು ಖುಷಿ.

ಹೇಳಬೇಕಾದದ್ದು ಇನ್ನೂ ಇದೆ. ಕ್ಲಾಸಿನಲ್ಲಿ ನಾನು ಹೋಗಿ ದುಂಬಿಯ ಪಕ್ಕ ಕುಳಿತೆ. ಅವಳ ಆ ಕೆಳಗಿನ ಸುರ ಈಗ ನನ್ನದೂ ಆಗಿದೆ, ಇಬ್ಬರೂ ಸೇರಿ ಹಾಡೋಣ ಎಂದುಕೊಂಡೆ. ಬಾಗಿ, ಅವಳ ಸುರದಲ್ಲೇ, ಮೆಲ್ಲಗೆ ಶುರು ಮಾಡಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಪಾಪ ಅನಿಸಿರಬೇಕು. ಬೆಂಚಿನಲ್ಲಿ ಸರಿದು ಹತ್ತಿರ ಬಂದು ನನ್ನ ಕಿವಿಯಲ್ಲಿ, "ಟೀಚರ್, ನಿಮ್ ದನೀನೂ ಸರಿ ಇಲ್ಲ ಅಲ್ವಾ? ಏನ್ ಪರ್ವಾಗಿಲ್ಲ. ನೀವೂ ತುಟಿ ಆಡ್ಸಿದ್ರೆ ಸಾಕು. ನಾನ್ ಹೇಳ್ಕೊಡ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದಳು.

ಯಾರಿಗೂ ಗೊತ್ತಾಗಲ್ಲ. ನೀನು ಅಂದು ಹೇಳಿದ ಮಾತೇ.

ನಾನು ನಿಲ್ಲಿಸದೆ ಹಾಡಿದೆ. ಅವಳು ಬಾಗಿಲ ಕಡೆ ತಿರುಗಿ ಯಾರಾದರೂ ಕೇಳಿಸಿಕೊಂಡಾರೆಂದು ನೋಡಿ, ನನ್ನ ಮರ್ಯಾದೆ ಉಳಿಸಲು, ತನ್ನ ಪುಟ್ಟ ಕೈಯಿಂದ ನನ್ನ ಬಾಯಿ ಮುಚ್ಚಿದಳು.

ಮಕ್ಕಳು ನಿನ್ನನ್ನು ಕೇಳುತ್ತಿರುತ್ತಾರೆ. ಗೆಲ್ಲಿಸಿದ ಟೀಚರ್ ಯಾವಾಗ ಬರ್ತಾರೆ ಎನ್ನುತ್ತಾರೆ. ನೀನು ಮಾಡಿದ್ದನ್ನು ನಾನು ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನೀನು ಬರಬೇಡ. ನಾನು ಪ್ರತಿ ಪಿರಿಯಡ್ಡಿನಲ್ಲೂ ಆ ಬೆಂಚಿನ ತುದಿಯಲ್ಲಿ ಕುಳಿತು, ಅವಳು ಬಾಯಿ ಮುಚ್ಚಿದರೆ ಕೈ ತೆಗೆದು, ಮತ್ತೆ ಹಾಡಬೇಕಾಗಿದೆ.

ಇಂತಿ,
ಸಂಗೀತದ ಟೀಚರ್